ಬೀಗರ ಕಡೆಯ ನೇಕಾರ: ಒಂದು ಪೈಸ್ಲಿ ಸುರುಳಿಯ ಕೆಲಸದ ಟಿಪ್ಪಣಿ

ಕೆಲಸ ಇಷ್ಟೇ. 1812ರಿಂದ 1871ರವರೆಗೆ ಬದುಕಿದ್ದ ಒಬ್ಬ ಸ್ಕಾಟಿಷ್ ನೇಕಾರನ ಜೀವನವನ್ನು ಒಂದೇ ಕಾಗದದ ಸುರುಳಿಗೆ ಇಳಿಸಬೇಕು. ಗೋಡೆಗೆ ಅಡ್ಡಲಾಗಿ ಕಟ್ಟಿದರೆ ಎಡದಿಂದ ಬಲಕ್ಕೆ ನಡೆಯುತ್ತ ಓದುವಂತಿರಬೇಕು. ಅವನು ನನ್ನ ಬೀಗರ ಮುತ್ತಜ್ಜನ ಅಪ್ಪ. ಗ್ಲಾಸ್ಗೋಗೆ ಕೆಲಸಕ್ಕೆ ಹೋದ ಮಗ ಅಲ್ಲಿಯ ಹುಡುಗಿಯನ್ನೇ ಮದುವೆಯಾದದ್ದರಿಂದ ಬಂದ ನಂಟು ಇದು. ಬೀಗರ ಊರು ಪೈಸ್ಲಿ, ಗ್ಲಾಸ್ಗೋದಿಂದ ಪಶ್ಚಿಮಕ್ಕೆ ಸುಮಾರು 11 ಕಿ.ಮೀ. ನಮ್ಮದು ಬನಹಟ್ಟಿ. ಎರಡೂ ಮನೆಯ ಹಿರಿಯರು ಮಗ್ಗದ ಮುಂದೆ ಕೂತೇ ಬೆನ್ನು ಬಾಗಿಸಿಕೊಂಡವರು. ಹಾಗಾಗಿ "ನೇಕಾರನನ್ನು ನೀವೇ ಹುಡುಕಿ ಕೊಡಿ" ಎಂದು ಬೀಗರು ಕೇಳಿದಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ವಂಶಾವಳಿಯ ಹಾಳೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೇಲಿನ ಸಾಲಿನಲ್ಲಿ ಅಜ್ಜನ ಹುಟ್ಟು, ಮದುವೆ, ಸಾವು. ಕೆಳಗಿನ ಸಾಲಿನಲ್ಲಿ ವಾಟರ್‌ಲೂ ಯುದ್ಧ, ರಾಣಿಯ ಪಟ್ಟಾಭಿಷೇಕ, ರೈಲು ಬಂತು. ಅಜ್ಜನಿಗೂ ಯುದ್ಧಕ್ಕೂ ಏನು ಸಂಬಂಧ ಎಂದು ಕೇಳಿದರೆ ಉತ್ತರವಿಲ್ಲ. ಅದೇ ಇಸವಿ, ಅಷ್ಟೇ. ಅದಕ್ಕೇ ಪೆನ್ನು ಹಿಡಿಯುವ ಮೊದಲೇ ಒಂದು ಕಟ್ಟಳೆ ಮಾಡಿಕೊಂಡೆ: ಈ ಮನೆಯ ಯಾವುದಾದರೂ ದಾಖಲೆಯ ಮೇಲೆ ಗುರುತು ಬಿಟ್ಟ ಘಟನೆಗೆ ಮಾತ್ರ ಶಾಯಿ. ಮನೆಮಂದಿ ಹೇಳುತ್ತ ಬಂದ ಕಥೆಗೆ, ನಮ್ಮ ಊಹೆಗೆ ಪೆನ್ಸಿಲ್. ಎರಡೂ ಅಲ್ಲದ್ದಕ್ಕೆ ಜಾಗವೇ ಇಲ್ಲ, ಅದು ಎಷ್ಟೇ ದೊಡ್ಡ ಚರಿತ್ರೆಯಾಗಿರಲಿ.

ಸುರುಳಿ

ವರ್ಷಕ್ಕೆ 2 ಸೆಂ.ಮೀ. ಲೆಕ್ಕ. 1800ರಿಂದ 1880ರವರೆಗೆ 160 ಸೆಂ.ಮೀ., ಎರಡೂ ತುದಿಗೆ ಹತ್ತತ್ತು ಸೇರಿಸಿ 180. ಎತ್ತರ 45. ಇದರಲ್ಲಿ ಮೇಲಿನ 12 ಸೆಂ.ಮೀ. 'ದಾಖಲೆ' ಪಟ್ಟಿ, ನಡುವಿನ 15 'ಮನೆ', ಕೆಳಗಿನ 12 'ಊರು', ಉಳಿದ 6 ಇಸವಿಗಳ ಅಳತೆಪಟ್ಟಿ. ನಡುವಿನದಕ್ಕೆ ಹೆಚ್ಚು ಜಾಗ ಕೊಟ್ಟದ್ದು ಬೇಕೆಂದೇ.

ದಪ್ಪ ಡ್ರಾಯಿಂಗ್ ಕಾಗದವಾದರೂ ಸುತ್ತಿ ಬಿಚ್ಚಿ ಮಾಡಿದರೆ ಅಂಚು ಸೀಳುತ್ತದೆ. ಹಿಂದಕ್ಕೆ ತೆಳು ಮಲ್ ಬಟ್ಟೆ ಹಚ್ಚಿದೆ. ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಪಾರದರ್ಶಕವಾಗುವವರೆಗೆ ಕೈಯಾಡಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಬೇಕು. ಹುಳ ಬಾರದಿರಲಿ ಎಂದು ಪುಸ್ತಕ ಕಟ್ಟುವವರು ಈ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ನಾನು ಹಾಕಲಿಲ್ಲ. ಹುಳ ಬರದೆ ಇರಬಹುದು, ಅದರಲ್ಲಿರುವ ತಾಮ್ರವೇ ಕಾಗದವನ್ನು ನಿಧಾನಕ್ಕೆ ತಿನ್ನುತ್ತದೆ. ಬಟ್ಟೆಯನ್ನು ಒದ್ದೆ ಮಾಡಿ ಮೇಜಿನ ಮೇಲೆ ಎಳೆದು ಹಾಸಿ, ಅಂಟು ಸವರಿ, ತುಸು ತೇವ ಮಾಡಿದ ಕಾಗದವನ್ನು ಮೇಲಿಟ್ಟು ನಡುವಿನಿಂದ ಅಂಚಿನ ಕಡೆಗೆ ಒಣ ಬ್ರಷ್ಷಿನಲ್ಲಿ ಉಜ್ಜುತ್ತ ಗಾಳಿ ಹೊರಗೆ ತಳ್ಳಬೇಕು. ನೆರಳಲ್ಲೇ ಒಣಗಲಿ. ಬರವಣಿಗೆಯೆಲ್ಲ ಇದಾದ ಮೇಲೆ. ಮೊದಲೇ ಬರೆದರೆ ಒದ್ದೆಗೆ ಶಾಯಿ ಹರಡುತ್ತದೆ.

ಶಾಲು

ಬೀಗರ ಮನೆಯಲ್ಲಿ ಒಂದು ಶಾಲಿನ ತುಂಡಿದೆ, ಎರಡು ಗೇಣು ಅಗಲ. "ನಮ್ಮಜ್ಜ ರಾಣಿ ವಿಕ್ಟೋರಿಯಾಗೆ ನೇಯ್ದ ಶಾಲು ಇಂಥದ್ದೇ" ಎಂಬ ಕಥೆಯೂ ಅದರ ಜೊತೆಗೇ ಬಂದಿದೆ. ಪೈಸ್ಲಿಗೆ ಹೋಗಿದ್ದಾಗ ನಾನು ಮೊದಲು ಮಾಡಿದ ಕೆಲಸ ಅದನ್ನು ಮಗುಚಿ ನೋಡಿದ್ದು. ನೇಕಾರರ ಮನೆಯವರಿಗೆ ಇದು ಅಭ್ಯಾಸ. ಸೀರೆ ಅಂಗಡಿಯಲ್ಲೂ ಮೊದಲು ಹಿಂಬದಿಗೇ ಕಣ್ಣು ಹೋಗುತ್ತದೆ. ಮುಂದೆ ನಮ್ಮ ಸೀರೆ ಅಂಚಿನ ಮಾವಿನಕಾಯಿಯೇ, ಬಾಲ ಮಾತ್ರ ಉದ್ದಕ್ಕೆ ಬಳುಕಿದೆ. ಹಿಂದೆ ಕತ್ತರಿಸಿದ ಎಳೆಗಳ ಜುಂಗು. ಕಾಶ್ಮೀರದ ಕಾನಿ ಶಾಲಿನಲ್ಲಿ ಬಣ್ಣದ ಎಳೆ ತನ್ನ ಜಾಗದಲ್ಲಷ್ಟೇ ಓಡಾಡಿ ಹಿಂದಿರುಗುತ್ತದೆ, ಹಿಂಬದಿ ಚೊಕ್ಕಟವಾಗಿರುತ್ತದೆ. ಪೈಸ್ಲಿಯವರು ಆ ಕಾಶ್ಮೀರಿ ಶಾಲನ್ನೇ ನಕಲು ಮಾಡಿದರೂ ಲಾಳಿಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಪೂರ್ತಿ ಎಸೆಯುತ್ತಿದ್ದರು. ಬೇಡವಾದ ಕಡೆ ಬಣ್ಣದ ಹೊಕ್ಕು ಹಿಂದೆ ಸಡಿಲವಾಗಿ ತೂಗುತ್ತಿತ್ತು, ಆಮೇಲೆ ಅದನ್ನು ಕತ್ತರಿಸಿ ತೆಗೆಯುತ್ತಿದ್ದರು. ಅಂದರೆ ತುಂಡು ಕಾಶ್ಮೀರದ್ದಲ್ಲ, ಅಚ್ಚು ಹಾಕಿದ್ದೂ ಅಲ್ಲ, ಮಗ್ಗದಲ್ಲೇ ನೇಯ್ದದ್ದು.

ಭೂತಗನ್ನಡಿ ಹಿಡಿದರೆ ಬಣ್ಣದ ಹೊಕ್ಕುಗಳ ನಡುವೆ ಕೂದಲಿನಂಥ ಇನ್ನೊಂದು ಎಳೆ ಕಾಣುತ್ತದೆ. ಇಡೀ ಬಟ್ಟೆಯನ್ನು ಹಿಡಿದು ನಿಲ್ಲಿಸುವುದು ಅದೇ. ಪೈಸ್ಲಿಯವರು ಅದಕ್ಕೆ ಸ್ಮಾ ಶಾಟ್ ಎನ್ನುತ್ತಾರೆ. ಮುಖದ ಮೇಲೆ ಕಾಣದ ನೂಲು ಎಂಬ ನೆಪದಲ್ಲಿ ಮಾಲೀಕರು ಅದಕ್ಕೆ ದುಡ್ಡು ಕೊಡುತ್ತಿರಲಿಲ್ಲ, ನೇಕಾರ ತನ್ನ ಕೈಯಿಂದಲೇ ಕೊಳ್ಳಬೇಕಿತ್ತು. ಅದಿಲ್ಲದೆ ಶಾಲೇ ಇಲ್ಲ! ವರ್ಷಗಟ್ಟಲೆ ಜಗಳವಾಡಿ ಕೊನೆಗೆ 1856ರಲ್ಲಿ ನೇಕಾರರು ಗೆದ್ದರು. ಈಗಲೂ ಜುಲೈ ತಿಂಗಳ ಮೊದಲ ಶನಿವಾರ ಪೈಸ್ಲಿಯಲ್ಲಿ ಸ್ಮಾ ಶಾಟ್ ಹಬ್ಬ. ಚಾರ್ಲ್ಸ್‌ಟನ್ ಡ್ರಮ್ ಎಂಬ ನಗಾರಿ ಬಾರಿಸುತ್ತ ಮೆರವಣಿಗೆ ಹೊರಡುತ್ತದೆ. ಸುರುಳಿಯಲ್ಲಿ 1856ಕ್ಕೆ ಶಾಯಿ ಹಾಕಿದೆ. ದಾಖಲೆ ಯಾವುದು ಎಂದು ಸೊಸೆ ಕೇಳಿದಳು. ಅವನನ್ನು 'ಶಾಲು ನೇಕಾರ' ಎಂದೇ ಕರೆದ 1851 ಮತ್ತು 1861ರ ಜನಗಣತಿ ಹಾಳೆಗಳನ್ನು ತೋರಿಸಿದೆ. ಎರಡೂ ಇಸವಿಯಲ್ಲಿ ಶಾಲು ನೇಯುತ್ತಿದ್ದವನಿಗೆ ಆ ಎಳೆಯ ಖರ್ಚು ತಪ್ಪಿರಲು ಸಾಧ್ಯವೇ ಇಲ್ಲ.

ದಾಖಲೆ ಹಿಂದಿನಿಂದ ಮುಂದಕ್ಕೆ

ಸ್ಕಾಟ್ಲೆಂಡಿನ ಹಳೆಯ ದಾಖಲೆಗಳು ಬಹುಪಾಲು ಸರ್ಕಾರದ್ದೇ ಆದ ಸ್ಕಾಟ್ಲೆಂಡ್ಸ್‌ಪೀಪಲ್ ತಾಣದಲ್ಲಿವೆ. ಹೆಸರು ಹುಡುಕಲು ದುಡ್ಡಿಲ್ಲ, ಹಾಳೆಯ ಚಿತ್ರ ತೆರೆಯಲು ಕ್ರೆಡಿಟ್ ಕೊಳ್ಳಬೇಕು. ನಾನು ಕೊಂಡಾಗ ಒಂದು ನೋಂದಣಿ ಹಾಳೆಗೆ 6 ಕ್ರೆಡಿಟ್, ಅಂದರೆ ಒಂದೂವರೆ ಪೌಂಡ್. ಕಂಡದ್ದನ್ನೆಲ್ಲ ತೆರೆಯುತ್ತ ಹೋದರೆ ಕಿಸೆ ಖಾಲಿ. ಅದಕ್ಕೇ ಬೀಗರಿಂದ ಹಿಮ್ಮುಖವಾಗಿ ಹೊರಟೆ: ಅವರ ಅಪ್ಪ, ಅಜ್ಜ, ಮುತ್ತಜ್ಜ. ಹುಟ್ಟಿನ ಹಾಳೆ 100 ವರ್ಷ, ಮದುವೆಯದು 75, ಸಾವಿನದು 50 ವರ್ಷ ಕಳೆದ ಮೇಲಷ್ಟೇ ತಾಣದಲ್ಲಿ ತೆರೆಯುತ್ತದೆ. ಅದಕ್ಕಿಂತ ಈಚಿನದು ಬೀಗರ ಟ್ರಂಕಿನಲ್ಲೇ ಇತ್ತು.

ಒಂದು ಅನುಕೂಲ ಹೇಳಲೇಬೇಕು. ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಹೆಣ್ಣುಮಕ್ಕಳ ತವರು ಹೆಸರು ಅಳಿಸಿಹೋಗುವುದಿಲ್ಲ. ಮದುವೆಯ ಹಾಳೆಯಲ್ಲಿ, ಮಕ್ಕಳ ಹುಟ್ಟಿನಲ್ಲಿ, ಸತ್ತಾಗಲೂ ಅದು ಜೊತೆಗಿರುತ್ತದೆ. ಒಂದೇ ಹೆಸರಿನ ಹತ್ತು ಗಂಡಸರ ನಡುವೆ ನಮ್ಮವನು ಯಾರು ಎಂದು ತೀರ್ಮಾನವಾಗುವುದು ಹೆಚ್ಚಾಗಿ ಅವನ ಹೆಂಡತಿಯ ತವರಿನಿಂದ, ತಾಯಿಯ ತವರಿನಿಂದ.

ಹತ್ತು ಗಂಡಸರು ಎಂದದ್ದು ಉತ್ಪ್ರೇಕ್ಷೆಯಲ್ಲ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನದು. ಮೊದಲ ಮಗಳಿಗೆ ತಾಯಿಯ ತಾಯಿಯದು. ಹೀಗೆ ಅವರಲ್ಲೂ ಒಂದು ಪದ್ಧತಿ ಇತ್ತು. ನಾಲ್ಕು ಜನ ಅಣ್ಣತಮ್ಮಂದಿರಿದ್ದರೆ ನಾಲ್ವರ ಹಿರಿಮಗನಿಗೂ ಒಂದೇ ಹೆಸರು. ನಮ್ಮ ಕಡೆ ಅಜ್ಜನ ಹೆಸರಿಟ್ಟ ಮನೆಗಳಲ್ಲಿ ಚುನಾವಣೆ ಚೀಟಿ ಹಂಚುವವರು ಪಡುವ ಪಾಡೇ ನನ್ನದೂ ಆಯಿತು.

ಬೀಗರ ಮುತ್ತಜ್ಜ ಹುಟ್ಟಿದ್ದು 1855ರಲ್ಲಿ. ಇದು ನಮ್ಮ ಪುಣ್ಯ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ಕ್ಕೆ, ಆ ಒಂದು ವರ್ಷದ ನಮೂನೆಯಲ್ಲಿ ಕೇಳಬಾರದ್ದನ್ನೆಲ್ಲ ಕೇಳಿದ್ದಾರೆ: ಅಪ್ಪ ಅಮ್ಮನ ವಯಸ್ಸು, ಹುಟ್ಟಿದ ಊರು, ಮದುವೆ ಎಲ್ಲಿ ಯಾವಾಗ, ಮುಂಚಿನ ಮಕ್ಕಳು ಎಷ್ಟು, ಬದುಕಿರುವವು ಎಷ್ಟು, ಸತ್ತವು ಎಷ್ಟು. ಬರೆದು ಬರೆದು ಗುಮಾಸ್ತರ ಕೈ ಸೋತಿರಬೇಕು, ಮರುವರ್ಷವೇ ಇದರಲ್ಲಿ ಬಹಳಷ್ಟನ್ನು ಕೈಬಿಟ್ಟರು. ನಮ್ಮ ಹಾಳೆಯಲ್ಲಿ ಹೀಗಿದೆ: ಅಪ್ಪ 43, ಹುಟ್ಟಿದ್ದು ಕಿಲ್ಬಾರ್ಕನ್. ತಾಯಿ 41, ಪೈಸ್ಲಿ. ಮದುವೆ 1834, ಪೈಸ್ಲಿ. ಎರಡು ಗಂಡು ಎರಡು ಹೆಣ್ಣು ಬದುಕಿವೆ; ಒಂದು ಗಂಡು ಒಂದು ಹೆಣ್ಣು ತೀರಿಕೊಂಡಿವೆ.

ಆದರೆ 1851ರ ಜನಗಣತಿಯಲ್ಲಿ ಅವನ ಹುಟ್ಟೂರು ಪೈಸ್ಲಿ ಎಂದಿದೆ. ಯಾವುದನ್ನು ನಂಬುವುದು? ನನ್ನ ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ದಾಖಲೆಗೂ 'ಹೇಳಿದವರು ಯಾರು' ಎಂಬ ಕಾಲಂ ಇಟ್ಟಿದ್ದು ಇಂಥ ಹೊತ್ತಿಗೇ. ಗಣತಿಯಲ್ಲಿ ಬಾಗಿಲಿಗೆ ಬಂದವನಿಗೆ ಮನೆಯಲ್ಲಿದ್ದವರು ಹೇಳಿದ್ದು, ಅವನು ನಕಲಿಳಿಸಿದ್ದು. 1855ರ ಹಾಳೆಗೆ ಅಪ್ಪನೇ ಸಹಿ ಹಾಕಿದ್ದಾನೆ. 1861ರ ಗಣತಿಯೂ ಕಿಲ್ಬಾರ್ಕನ್ ಎನ್ನುತ್ತದೆ. ಕಿಲ್ಬಾರ್ಕನ್‌ಗೇ ಶಾಯಿ.

ಅದು ಪೈಸ್ಲಿಯ ಪಶ್ಚಿಮಕ್ಕಿರುವ ಸಣ್ಣ ನೇಕಾರರ ಊರು. 1723ರಲ್ಲಿ ಕಟ್ಟಿದ ಒಂದು ನೇಕಾರರ ಮನೆಯನ್ನು ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಕಾಪಾಡಿಕೊಂಡಿದೆ. ಮಗ್ಗ ಕೆಳಗೆ, ಮಣ್ಣಿನ ನೆಲದ ಕೋಣೆಯಲ್ಲಿ. ನೂಲಿಗೆ ತೇವ ಬೇಕು, ಇಲ್ಲದಿದ್ದರೆ ಹಾಸು ಪಟಪಟ ಹರಿಯುತ್ತದೆ ಎಂದು ನಮ್ಮ ಕುಣಿಮಗ್ಗದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕಿಲ್ಬಾರ್ಕನ್ ಚರ್ಚಿನ ಹಳೆಯ ಪುಸ್ತಕದಲ್ಲಿ ಅದೇ ಹೆಸರಿನ ಇಬ್ಬರು ಮಕ್ಕಳು, 1811ರಲ್ಲೊಬ್ಬ, 1812ರಲ್ಲೊಬ್ಬ. 1871ರ ಸಾವಿನ ಹಾಳೆಯಲ್ಲಿ ಅವನ ತಾಯಿಯ ತವರು ಹೆಸರಿತ್ತು. ಅದು 1812ರ ಮಗುವಿಗೆ ಕೂಡಿ ಬಂತು. ಇನ್ನೊಬ್ಬ ದಾಯಾದಿ.

1841ರ ಗಣತಿಯಲ್ಲಿ ವಯಸ್ಸು 25 ಎಂದಿರುವುದನ್ನು ನೋಡಿ ಬೀಗರು ಗಾಬರಿಯಾದರು. 1812ರವನಿಗೆ 29 ಆಗಬೇಕಲ್ಲ! ಆ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇತ್ತು. 25 ಎಂದರೆ 25ರಿಂದ 29. ಕಸುಬಿನ ಕಾಲಂನಲ್ಲಿ ಎಚ್.ಎಲ್.ಡಬ್ಲ್ಯೂ. ಎಂಬ ಮೂರೇ ಅಕ್ಷರ, ಕೈಮಗ್ಗದವನು ಎಂದು. ಬೀದಿ ಶಟಲ್ ಸ್ಟ್ರೀಟ್, ನಮ್ಮ ಮಾತಿನಲ್ಲಿ ಲಾಳಿ ಬೀದಿ. ಆಸುಪಾಸಿನಲ್ಲಿ ಕಾಟನ್, ಸಿಲ್ಕ್, ಗಾಜ್ ಎಂಬ ಬೀದಿಗಳೂ ಇವೆ. 1851ರಲ್ಲಿ ಹೆಂಡತಿ ಮತ್ತು ದೊಡ್ಡ ಮಗಳ ಕಸುಬು ಕಂಡಿಕೆ ಸುತ್ತುವುದು, ಅಂದರೆ ಲಾಳಿಗೆ ಬೇಕಾದ ನೂಲು ಸುತ್ತಿಕೊಡುವುದು. ನನ್ನ ಅವ್ವನ ಕಸುಬೂ ಅದೇ ಆಗಿತ್ತು, ಯಾವ ಗಣತಿಯವರೂ ಬರೆದುಕೊಳ್ಳಲಿಲ್ಲ.

ಎಂಟು ವರ್ಷದ ಹುಡುಗಿ

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಒಂದು ಕಾಲಂನ ಒಂದು ಸಾಲು. 1851ರ ಮಾರ್ಚ್ 30ರ ರಾತ್ರಿ ಆ ಮನೆಯಲ್ಲಿದ್ದ ಮಕ್ಕಳು ನಾಲ್ವರು. ಹುಟ್ಟೂರಿನ ಕಾಲಂನಲ್ಲಿ ಮೂವರದು ರೆನ್‌ಫ್ರೂಶೈರ್, ಪೈಸ್ಲಿ. ಎಂಟು ವರ್ಷದ ಹುಡುಗಿಯದು ಮಾತ್ರ ಲ್ಯಾನಾರ್ಕ್‌ಶೈರ್, ಗ್ಲಾಸ್ಗೋ. ಅವಳಿಗಿಂತ ದೊಡ್ಡವರೂ ಪೈಸ್ಲಿ, ಚಿಕ್ಕವನೂ ಪೈಸ್ಲಿ. ಅಂದರೆ 1842ರ ಏಪ್ರಿಲ್‌ನಿಂದ 1843ರ ಮಾರ್ಚ್‌ವರೆಗಿನ ಯಾವುದೋ ದಿನ ಈ ಕುಟುಂಬ ಪೈಸ್ಲಿಯಲ್ಲಿರಲಿಲ್ಲ.

ಈಗ ಸುರುಳಿಯ ಕೆಳಗಿನ 'ಊರು' ಪಟ್ಟಿ ನೋಡಿ. 1841ರಿಂದ 1843ರ ನಡುವೆ ಪೈಸ್ಲಿಯ ಶಾಲು ವ್ಯಾಪಾರ ನೆಲಕಚ್ಚಿತು. ಪಟ್ಟಣದ 112 ಉತ್ಪಾದಕರಲ್ಲಿ 67 ಮಂದಿ ದಿವಾಳಿ. ಸಾವಿರಾರು ಜನ ಪರಿಹಾರದ ಗಂಜಿಗೆ ನಿಂತರು. ಸ್ಕಾಟ್ಲೆಂಡಿನ ಹಳೆಯ ಪದ್ಧತಿಯಲ್ಲಿ ಕೈಕಾಲು ಗಟ್ಟಿ ಇದ್ದು ಕೆಲಸ ಕಳೆದುಕೊಂಡವನಿಗೆ ಪರಿಹಾರ ಕೇಳುವ ಹಕ್ಕಿರಲಿಲ್ಲ. ಬಡವರ ಪರಿಹಾರ ಆವರೆಗೆ ಚರ್ಚಿನ ಕೈಯಲ್ಲಿತ್ತು, ಇಂಥ ಹೊಡೆತ ಅದರಿಂದ ತಡೆಯಲಾಗಲಿಲ್ಲ. 1845ರಲ್ಲಿ ಹೊಸ ಕಾಯ್ದೆ ಬಂದದ್ದಕ್ಕೆ ಪೈಸ್ಲಿಯ ಈ ಪಾಡೂ ಒಂದು ಕಾರಣ. ಆ ಕಾಯ್ದೆಯೂ ಗಟ್ಟಿಮುಟ್ಟಾದ ನಿರುದ್ಯೋಗಿಗೆ ಹಕ್ಕು ಕೊಡಲಿಲ್ಲ.

ಹೀಗೆ ಒಂದು ಊರಿನ ದಿವಾಳಿ ಒಬ್ಬ ಹುಡುಗಿಯ ಹುಟ್ಟೂರಾಗಿ ಗಣತಿಯಲ್ಲಿ ಉಳಿದಿದೆ. ಕುಟುಂಬ ಯಾಕೆ ಹೋಯಿತು ಎಂಬುದನ್ನು ಯಾವ ಹಾಳೆಯೂ ಹೇಳುವುದಿಲ್ಲ. ಹಾಗಾಗಿ ಹೋದದ್ದು ಶಾಯಿ, ಕಾರಣ ಪೆನ್ಸಿಲ್. ಪೈಸ್ಲಿಗೂ ಗ್ಲಾಸ್ಗೋಗೂ 1840ರಲ್ಲೇ ರೈಲು ಬಂದಿತ್ತು, ಅದರಲ್ಲಿ ಹೋದರೋ ಮಗು ಹೊತ್ತು ನಡೆದರೋ, ಅದೂ ಪೆನ್ಸಿಲ್.

ಇದರಿಂದ ಇನ್ನೊಂದು ಪೇಚು. ರಾಣಿ ವಿಕ್ಟೋರಿಯಾ ಪೈಸ್ಲಿ ಶಾಲು ಕೊಂಡು ಹೊದ್ದು ವ್ಯಾಪಾರಕ್ಕೆ ನೆರವಾದದ್ದು 1842ರಲ್ಲಿ, ಇದೇ ಸಂಕಟದ ನಡುವೆ. ಬೀಗರ ಆ ನೇಕಾರಜ್ಜ ಆ ವರ್ಷ ಗ್ಲಾಸ್ಗೋದಲ್ಲಿದ್ದಿರಬಹುದು! ಅದೂ ಅಲ್ಲದೆ ಶಾಲಿನ ಮೇಲೆ ನೇಯ್ದವನ ಹೆಸರು ಇರುತ್ತಿರಲಿಲ್ಲ, ಹೆಸರು ಹಣ ಎರಡೂ ಮಾಲೀಕನವು. ಕಥೆಯನ್ನು ತೆಗೆದುಹಾಕಲು ಮನಸ್ಸು ಬರಲಿಲ್ಲ. ಬೀಗತನವೂ ಉಳಿಯಬೇಕಲ್ಲ. ಪೆನ್ಸಿಲ್ಲಿನಲ್ಲಿ ಬರೆದು "ಮನೆಯ ಮಾತು" ಎಂದು ಪಕ್ಕಕ್ಕೆ ಹಾಕಿದೆ. ಬೀಗರು ಕನ್ನಡಕ ಏರಿಸಿ ಓದಿ, "ಪೆನ್ಸಿಲ್ ಸ್ವಲ್ಪ ಒತ್ತಿ ಬರೆಯಬಹುದಿತ್ತು" ಎಂದರು.

ಬಿಟ್ಟದ್ದು

ನಮ್ಮ ನೇಕಾರ ಎಂಟು ವರ್ಷದವನಾಗಿದ್ದಾಗ, 1820ರ ಏಪ್ರಿಲ್‌ನಲ್ಲಿ, ಸ್ಕಾಟ್ಲೆಂಡಿನ ಪಶ್ಚಿಮ ಭಾಗದಲ್ಲಿ ಸುಮಾರು 60,000 ಜನ ಕೆಲಸ ನಿಲ್ಲಿಸಿದರು. ಮತದಾನದ ಹಕ್ಕಿಗಾಗಿ ಎದ್ದ ಈ ದಂಗೆಯಲ್ಲಿ ನೇಕಾರರೇ ಮುಂದು. ಮುಂದಾಳುಗಳಾದ ಜಾನ್ ಬೇರ್ಡ್, ಆಂಡ್ರೂ ಹಾರ್ಡಿ ಇಬ್ಬರನ್ನೂ ಸೆಪ್ಟೆಂಬರ್ 8ರಂದು ಸ್ಟರ್ಲಿಂಗ್‌ನಲ್ಲಿ ಗಲ್ಲಿಗೇರಿಸಿದರು. ಬೀಗರಿಗೆ ಇದು ಸುರುಳಿಯಲ್ಲಿ ದಪ್ಪಕ್ಷರದಲ್ಲಿ ಬೇಕಿತ್ತು. ಅವನ ಅಪ್ಪ ನೇಕಾರ, ಆ ವಾರ ಮಗ್ಗ ನಿಂತಿರಬಹುದು. ಆದರೆ ಈ ಮನೆಯ ಒಂದು ಚೂರು ಕಾಗದವೂ ಅದನ್ನು ಹೇಳುವುದಿಲ್ಲ. ಸಣ್ಣ ಪೆನ್ಸಿಲ್ ಗೆರೆ, ಅಷ್ಟೇ. ಆ ವಯಸ್ಸಿನ ಹುಡುಗರು ಮಗ್ಗದ ಪಕ್ಕ ನಿಂತು ವಿನ್ಯಾಸದ ಹಗ್ಗ ಎಳೆಯುವ ಕೆಲಸ ಮಾಡುತ್ತಿದ್ದರು. ತೂತು ಕೊರೆದ ರಟ್ಟಿನಿಂದ ವಿನ್ಯಾಸ ಎತ್ತುವ ಜಕಾರ್ಡ್ ಯಂತ್ರ ಬಂದಮೇಲೆ ಆ ಕೆಲಸ ರಟ್ಟಿನ ತೂತುಗಳ ಪಾಲಾಯಿತು. ಅದಕ್ಕೂ ಪೆನ್ಸಿಲ್.

1843ರದ್ದು ಇನ್ನೂ ಸ್ವಾರಸ್ಯ. ಆ ಮೇ 18ರಂದು ಸ್ಕಾಟ್ಲೆಂಡಿನ ಸರ್ಕಾರಿ ಚರ್ಚು ಒಡೆದು, ಪಾದ್ರಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಹೊರಬಂದು ಫ್ರೀ ಚರ್ಚ್ ಕಟ್ಟಿದರು. ನಮ್ಮ ನೇಕಾರನ ಮಕ್ಕಳ ದೀಕ್ಷಾಸ್ನಾನ ಸರ್ಕಾರಿ ಚರ್ಚಿನ ಪುಸ್ತಕದಲ್ಲಿಲ್ಲ. ಸರಿ, 1843ರಲ್ಲಿ ಇವನೂ ಹೊರಬಂದಿರಬೇಕು ಎಂದು ಯಾರಾದರೂ ಬರೆದುಬಿಡುತ್ತಾರೆ. ಆದರೆ 1835ರ ಮೊದಲ ಮಗುವೂ ಅಲ್ಲಿಲ್ಲ! ಒಡಕಿಗೆ ಎಂಟು ವರ್ಷ ಮೊದಲೇ ಇವನು ಹೊರಗಿದ್ದ. ತಾಣದ 'ಇತರ ಚರ್ಚುಗಳು' ವಿಭಾಗದಲ್ಲಿ ಹುಡುಕಿದಾಗ ಪೈಸ್ಲಿಯ ಒಂದು ರಿಲೀಫ್ ಚರ್ಚಿನ ಪುಸ್ತಕದಲ್ಲಿ ಮಕ್ಕಳು ಸಿಕ್ಕರು. 1761ರಲ್ಲೇ ಬೇರೆಯಾದ ಪಂಥ ಅದು, 1847ರಲ್ಲಿ ಇನ್ನೊಂದರ ಜೊತೆ ಸೇರಿ ಯುನೈಟೆಡ್ ಪ್ರೆಸ್ಬಿಟೇರಿಯನ್ ಆಯಿತು. ಮದುವೆಯ ಘೋಷಣೆ ಮಾತ್ರ ಸರ್ಕಾರಿ ಚರ್ಚಿನಲ್ಲೇ ಇದೆ. ಕ್ರಮಬದ್ಧ ಮದುವೆಗೆ ಯಾವ ಪಂಥದವರಾದರೂ ಅಲ್ಲೇ ಕೂಗಿಸಬೇಕಿತ್ತು. 1843ರ ಒಡಕನ್ನು ಸುರುಳಿಯಿಂದ ಪೂರ್ತಿ ಅಳಿಸಿದೆ.

ನಕ್ಷೆ

ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಹಳೆಯ ಆರ್ಡ್‌ನನ್ಸ್ ಸರ್ವೆ ನಕ್ಷೆಗಳನ್ನು ಬಿಟ್ಟಿಯಾಗಿ ತೋರಿಸುತ್ತದೆ. ಇಂದಿನ ಉಪಗ್ರಹ ಚಿತ್ರದ ಮೇಲೆ ಹಾಸಿ, ಜಾರುಪಟ್ಟಿ ಎಳೆದರೆ ಹಳೆಯ ಬೀದಿ ಕೆಳಗಿನಿಂದ ಎದ್ದು ಬರುತ್ತದೆ. 1841ರ, 1861ರ ಮನೆಗಳಿದ್ದ ಬೀದಿಗಳನ್ನು ಗುರುತು ಮಾಡಿದೆ. ಎರಡರ ನಡುವೆ ಕೂಗಳತೆ ದೂರ. 1861ರ ಗಣತಿ ಮೊದಲ ಬಾರಿಗೆ ಕಿಟಕಿ ಇರುವ ಕೋಣೆ ಎಷ್ಟು ಎಂದು ಕೇಳಿತು, ಇವರದು ಎರಡು. ಆಗ ಸ್ಕಾಟ್ಲೆಂಡಿನ ಮನೆಗಳಲ್ಲಿ ಮೂರಕ್ಕೊಂದು ಒಂದೇ ಕೋಣೆಯದ್ದು. ನಮ್ಮವರು ತೀರಾ ಕೆಳಗಿನವರಲ್ಲ ಎಂದು ಬೀಗರಿಗೆ ಸಮಾಧಾನವಾಯಿತು.

ನಕ್ಷೆ ನೋಡುತ್ತಿದ್ದ ವಕೀಲ ತಮ್ಮನಿಗೆ ಶಾಲಿನ ಗೊಡವೆಯೇ ಇಲ್ಲ. ಅವನಿಗೆ ಪೈಸ್ಲಿ ಎಂದರೆ 1928ರಲ್ಲಿ ವೆಲ್‌ಮೆಡೋ ಕೆಫೆಯ ಜಿಂಜರ್ ಬಿಯರ್ ಬಾಟಲಿಯಲ್ಲಿತ್ತೆಂದ ಬಸವನಹುಳು. ಆ ಬಾಟಲಿಯಿಂದ ಹುಟ್ಟಿದ, ಸರಕು ತಯಾರಿಸಿದವನಿಗೆ ಬಳಸುವವನ ಬಗ್ಗೆ ಹೊಣೆ ಇದೆ ಎಂದ ಡೊನಹ್ಯೂ ಮೊಕದ್ದಮೆ ಓದದೆ ನಮ್ಮಲ್ಲಿ ಯಾರೂ ವಕೀಲರಾಗುವುದಿಲ್ಲವಂತೆ. ಅದನ್ನೂ ಹಾಕು ಎಂದ. ಹಾಕಲಿಲ್ಲ.

ಈಗಿನ ಸ್ಥಿತಿ

1871ರ ಕೊನೆಯ ಹಾಳೆ: ಕಾರಣ ಬ್ರಾಂಕೈಟಿಸ್, ಸಾವನ್ನು ಬರೆಸಿದವನು ಎರಡನೆಯ ಮಗ. ಕಸುಬು ಕೊನೆಯವರೆಗೂ ಶಾಲು ನೇಕಾರ. ಆ ಹೊತ್ತಿಗೆ ಹೆಂಗಸರ ಉಡುಪಿನ ಬೆನ್ನು ಉಬ್ಬುವ ಫ್ಯಾಷನ್ ಬಂದು, ದೊಡ್ಡ ಶಾಲು ಹೊದೆಯುವುದೇ ನಿಂತುಹೋಗುತ್ತಿತ್ತು. ಅದೇ ವರ್ಷದ ಗಣತಿಯಲ್ಲಿ ಮನೆಯ ಕಿರಿಯ ಮಗ, ಬೀಗರ ಮುತ್ತಜ್ಜ, ಮಗ್ಗದಲ್ಲಿಲ್ಲ. ಹೊಲಿಗೆ ದಾರದ ಗಿರಣಿಯಲ್ಲಿದ್ದಾನೆ. ಕೋಟ್ಸ್ ಮತ್ತು ಕ್ಲಾರ್ಕ್ ಗಿರಣಿಗಳು ಪೈಸ್ಲಿಯನ್ನು ಸಾಕತೊಡಗಿದ ಕಾಲ ಅದು.

ಬಾಕಿ ಇರುವುದು ಎರಡು. ಸತ್ತ ಎರಡು ಮಕ್ಕಳನ್ನು ಹೂತ ಜಾಗ ಸಿಕ್ಕಿಲ್ಲ. 1855ಕ್ಕಿಂತ ಮುಂಚಿನ ಹೂಳುವ ಪುಸ್ತಕಗಳು ತೀರಾ ಅರೆಬರೆ. ಮಗ ಬಿಡುವಾದಾಗ ಪೈಸ್ಲಿಯ ಸ್ಥಳೀಯ ದಾಖಲೆಗಳಲ್ಲಿ ನೋಡುತ್ತಾನೆ. ಇನ್ನೊಂದು, ಹೆಂಡತಿಯ ತಾಯಿ ಐರ್ಲೆಂಡಿನವಳು ಎಂಬ ಸುಳಿವು. ಐರಿಷ್ ಗಣತಿಯ ಹಳೆಯ ಪುಸ್ತಕಗಳು ಬಹುಪಾಲು 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು, ಹಾಗಾಗಿ ಅದಕ್ಕೆ ಬೇರೆಯೇ ದಾರಿ ಹುಡುಕಬೇಕು. ಸುರುಳಿಯ ಬಲ ತುದಿಯಲ್ಲಿ ಬಟ್ಟೆಯನ್ನು ಒಂದು ಮೊಳ ಹೆಚ್ಚಿಗೆ ಬಿಟ್ಟಿದ್ದೇನೆ, ದಾರದ ಗಿರಣಿಯ ಹುಡುಗನ ಕಾಗದವನ್ನು ಅಲ್ಲಿಗೆ ಅಂಟಿಸಲು.